ದ್ರಾಕ್ಷಿ ಬೀಳುವ ಹೊತ್ತು

ಬ್ರೆಡ್ ಯಂತ್ರದ ಪಾತ್ರೆಗೆ ನೀರು, ಮೈದಾ, ಉಪ್ಪು, ಸಕ್ಕರೆ, ಎಣ್ಣೆ, ಯೀಸ್ಟ್ ಎಲ್ಲವನ್ನೂ ಒಮ್ಮೆಗೇ ಸುರಿದು, ಗುಂಡಿ ಒತ್ತಿ, ಬೇರೆ ಕೆಲಸಕ್ಕೆ ಹೋಗಬಹುದು. ಒಣದ್ರಾಕ್ಷಿಯನ್ನು ಮಾತ್ರ ಹಾಗೆ ಸುರಿಯುವಂತಿಲ್ಲ. ಸುರಿದರೆ ಮೂರು–ನಾಲ್ಕು ಗಂಟೆಯ ನಂತರ ಹೊರಬರುವುದು ದ್ರಾಕ್ಷಿ ಬ್ರೆಡ್ ಅಲ್ಲ, ದ್ರಾಕ್ಷಿ ಬಣ್ಣದ ಬ್ರೆಡ್. ಪಾತ್ರೆಯ ತಳದಲ್ಲಿ ತಿರುಗುವ ಅಲಗು ಅಷ್ಟರಲ್ಲಿ ಹಣ್ಣನ್ನೆಲ್ಲ ಅರೆದುಹಾಕಿರುತ್ತದೆ. ಬ್ರೆಡ್ಡಿನ ಮೈ ಕಂದಾಗಿ, ಎತ್ತರ ಗಿಡ್ಡಾಗಿ, ಒಳಗೆ ಎಲ್ಲಿಯೂ ಇಡೀ ದ್ರಾಕ್ಷಿ ಹಲ್ಲಿಗೆ ಸಿಗುವುದಿಲ್ಲ. ಅದಕ್ಕೇ ಹೆಚ್ಚಿನ ಯಂತ್ರಗಳು ಎರಡನೆಯ ಸುತ್ತಿನ ನಾದುವಿಕೆ ಮುಗಿಯಲು ಐದರಿಂದ ಹತ್ತು ನಿಮಿಷ ಉಳಿದಿರುವಾಗ ಬೀಪ್ ಎಂದು ಕೂಗಿ ಕರೆಯುತ್ತವೆ. ಹಣ್ಣು ಬೀಜಗಳನ್ನು ಹಾಕಬೇಕಾದ ಹೊತ್ತು ಅದು. ಮೊದಲೇ ಹಾಕಿದರೆ ಹಣ್ಣು ಕೆಡುತ್ತದೆ, ಹಿಟ್ಟೂ ಕೆಡುತ್ತದೆ. ತಡವಾಗಿ ಹಾಕಿದರೆ ಎರಡೂ ಒಂದಕ್ಕೊಂದು ಬೆರೆಯುವುದೇ ಇಲ್ಲ. ಈ ಸಣ್ಣ ಸಂದು ಎಲ್ಲಿಂದ ಬಂತು ಎಂದು ತಿಳಿಯಲು ಮೊದಲು ಹಿಟ್ಟಿನೊಳಗೆ ಇಣುಕಬೇಕು.

ಗೋಧಿಯಲ್ಲಿ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ಒಣ ಹಿಟ್ಟಿನಲ್ಲಿ ಇವು ಪರಸ್ಪರ ಪರಿಚಯವಿಲ್ಲದವರಂತೆ ಬಿದ್ದಿರುತ್ತವೆ. ನೀರು ಸೋಕಿ, ನಾದುವುದು ಸಾಗಿದಂತೆ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಜಾಲವಾಗುತ್ತವೆ. ಎಳೆದು ಬಿಟ್ಟರೆ ಹಿಂದಕ್ಕೆ ಸರಿಯುವ ಬಿಗುವು ಗ್ಲುಟೆನಿನ್‌ನಿಂದ ಬರುತ್ತದೆ, ಹರಿಯದೆ ಹಿಗ್ಗುವ ಸಡಿಲ ಗ್ಲಯಾಡಿನ್‌ನಿಂದ. ಒಬ್ಬಟ್ಟು ತಟ್ಟುವವರಿಗೆ ಈ ಜಾಲ ಹೊಸದೇನಲ್ಲ. ಚೆನ್ನಾಗಿ ನಾದಿ ನೆನೆಸಿದ ಕಣಕ ಹೂರಣವನ್ನು ಒಳಗಿಟ್ಟುಕೊಂಡು ಕಾಗದದಷ್ಟು ತೆಳುವಾಗುತ್ತದೆ. ಹೂರಣದಲ್ಲಿ ಅರೆಯದೆ ಉಳಿದ ಒಂದು ಬೇಳೆ ಇದ್ದರೆ ಕಣಕ ಅಲ್ಲೇ ಹರಿಯುತ್ತದೆ. ಬ್ರೆಡ್ಡಿಗೆ ಬಿದ್ದ ಗೋಡಂಬಿ ಚೂರು ಮಾಡುವುದೂ ಇದನ್ನೇ.

ಬ್ರೆಡ್ಡಿನಲ್ಲಿ ಈ ಜಾಲ ಹಿಡಿದಿಡಬೇಕಾದದ್ದು ಹೂರಣವನ್ನಲ್ಲ, ಗಾಳಿಯನ್ನು. ಯೀಸ್ಟ್ ಸಕ್ಕರೆಯನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಅನಿಲ ತುಂಬಿಕೊಂಡ ಸಾವಿರಾರು ಗುಳ್ಳೆಗಳ ಸುತ್ತ ಗ್ಲುಟೆನ್ ತೆಳುಪೊರೆಯಾಗಿ ಹಿಗ್ಗುತ್ತದೆ. ಹಿಟ್ಟು ಉಬ್ಬಿದಂತೆಲ್ಲ ಪೊರೆ ಇನ್ನೂ ತೆಳ್ಳಗಾಗುತ್ತದೆ. ಅದರ ಹಾದಿಯಲ್ಲಿ ಎರಡು ಮೂರು ಮಿಲಿಮೀಟರಿನ ಬೀಜದ ಚೂರೊಂದು ಅಡ್ಡ ಬಂದರೆ ಪೊರೆ ಅಲ್ಲಿ ಒಡೆಯುತ್ತದೆ, ಪಕ್ಕಪಕ್ಕದ ಗುಳ್ಳೆಗಳು ಸೇರಿಕೊಳ್ಳುತ್ತವೆ, ಅನಿಲ ಸೋರುತ್ತದೆ. ಜಾಲ ಇನ್ನೂ ಕಟ್ಟಿಕೊಳ್ಳುತ್ತಿರುವಾಗಲೇ ಚೂರುಗಳು ಬಿದ್ದರೆ ಅಲಗಿನ ಪ್ರತಿ ಸುತ್ತಿಗೂ ಎಳೆಗಳು ಕಡಿಯುತ್ತವೆ. ಜಾಲ ಪೂರ್ತಿ ಆದಮೇಲೆ ಬಿದ್ದರೆ ಅದು ಚೂರುಗಳನ್ನು ಸುತ್ತುವರಿದು ಹೊತ್ತುಕೊಳ್ಳುತ್ತದೆ. ಯುರೋಪಿನ ಹಳೆಯ ಹಣ್ಣಿನ ಬ್ರೆಡ್‌ಗಳಲ್ಲಿ, ಜರ್ಮನಿಯ ಸ್ಟೊಲನ್ ಇರಲಿ, ಇಟಲಿಯ ಪನೆಟೋನೆ ಇರಲಿ, ಹಿಟ್ಟು ಹದವಾದ ಬಳಿಕವೇ ಹಣ್ಣು ಸೇರಿಸುವ ವಾಡಿಕೆ. ಪ್ರೋಟೀನಿನ ರಸಾಯನಶಾಸ್ತ್ರ ಗೊತ್ತಿಲ್ಲದೆಯೂ ಕೈಗೆ ಅದು ಗೊತ್ತಿತ್ತು.

ಕೈಗೆ ಗೊತ್ತಿದ್ದದ್ದನ್ನು ಯಂತ್ರಕ್ಕೆ ಕಲಿಸುವುದು ಸುಲಭವಾಗಿರಲಿಲ್ಲ. ಮನೆಬಳಕೆಯ ಬ್ರೆಡ್ ಯಂತ್ರ ರೂಪುಗೊಂಡದ್ದು 1980ರ ದಶಕದ ಜಪಾನ್‌ನಲ್ಲಿ. ಒಸಾಕಾದ ಮತ್ಸುಶಿತಾ ಕಂಪನಿ ಮೊದಲು ತಯಾರಿಸಿದ ಮಾದರಿಗಳಲ್ಲಿ ಬ್ರೆಡ್ಡಿನ ಹೊರಭಾಗ ಸೀದು ಒಳಭಾಗ ಬೇಯದೆ ಉಳಿಯುತ್ತಿತ್ತು. ಕಾರಣ ಹುಡುಕಲು ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರಿಯವರ ಬಳಿ ಹೋಗಿ ಹಿಟ್ಟು ನಾದುವುದನ್ನು ಕಲಿತರು. ಅವರು ಹಿಟ್ಟನ್ನು ಬರೀ ಎಳೆಯುತ್ತಿರಲಿಲ್ಲ, ಎಳೆಯುತ್ತಲೇ ತಿರುಚುತ್ತಿದ್ದರು ಎನ್ನುವುದು ಆಕೆ ಕಂಡುಕೊಂಡ ಗುಟ್ಟು. ಪಾತ್ರೆಯ ಒಳಗೋಡೆಗೆ ಏಣುಗಳನ್ನು ಕೂರಿಸಿ, ಅಲಗು ತಿರುಗುವಾಗ ಹಿಟ್ಟು ಅವಕ್ಕೆ ತಡೆದು ತಿರುಚಿಕೊಳ್ಳುವಂತೆ ಮಾಡಲಾಯಿತು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ಮಾತಿನಲ್ಲಿ ಹೇಳಲಾಗದ ಕೈಚಳಕ ಯಂತ್ರವಾಗುವ ಬಗೆಗೆ ಉದಾಹರಣೆಯಾಗಿ ನಿರ್ವಹಣಾಶಾಸ್ತ್ರದ ಪುಸ್ತಕಗಳಲ್ಲಿ ಈ ಕತೆ ಇಂದಿಗೂ ಬರುತ್ತದೆ. ದ್ರಾಕ್ಷಿಯ ಪಾಲಿಗೆ ಮಾತ್ರ ಆ ಏಣು ಮತ್ತು ಅಲಗಿನ ನಡುವಿನ ಜಾಗ ಒರಳು ಇದ್ದಂತೆ.

ಹಾಗಾದರೆ ನಾದುವುದು ಪೂರ್ತಿ ಮುಗಿದ ಮೇಲೆಯೇ ಹಾಕಬಾರದೇಕೆ? ಆಮೇಲೆ ಯಂತ್ರ ಹಿಟ್ಟನ್ನು ಮುಟ್ಟುವುದೇ ಅಪರೂಪ. ಉಬ್ಬಿದ ಹಿಟ್ಟಿನ ಗಾಳಿ ತೆಗೆಯಲು ನಡುವೆ ಒಂದೆರಡು ಬಾರಿ ಕೆಲವು ಸೆಕೆಂಡು ತಿರುಗಿಸುತ್ತದೆ, ಅಷ್ಟೆ. ಅಷ್ಟರಲ್ಲಿ ಹಣ್ಣು ಒಳಗೆ ಹೋಗುವುದಿಲ್ಲ, ಮೇಲೆಯೋ ಪಾತ್ರೆಯ ಮೂಲೆಯಲ್ಲೋ ಗುಂಪಾಗಿ ಕೂರುತ್ತದೆ. ಕೇಕಿನ ಹಿಟ್ಟು ಹರಿಯುವಂಥದ್ದು, ಅದರಲ್ಲಿ ಭಾರದ ದ್ರಾಕ್ಷಿ ತಳ ಸೇರುತ್ತದೆ. ಬ್ರೆಡ್ಡಿನ ಹಿಟ್ಟು ಹಾಗಲ್ಲ, ಒಮ್ಮೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲೇ ಹಣ್ಣು ನಿಲ್ಲುತ್ತದೆ. ಕೇಕಿನವರು ದ್ರಾಕ್ಷಿಗೆ ಮೈದಾ ಸವರುವುದನ್ನು ಬ್ರೆಡ್ಡಿಗೂ ಹೇಳುವುದುಂಟು. ಒಂದಕ್ಕೊಂದು ಅಂಟಿದ ಖರ್ಜೂರದ ಚೂರುಗಳನ್ನು ಬಿಡಿಬಿಡಿಯಾಗಿಸಲು ಅದು ನೆರವಾಗುತ್ತದೆ, ಮುಳುಗುವುದನ್ನು ತಪ್ಪಿಸುವ ಪ್ರಶ್ನೆ ಇಲ್ಲಿ ಇಲ್ಲವೇ ಇಲ್ಲ. ಬೀಪ್ ಆದಾಗ ಹಿಡಿಹಿಡಿಯಾಗಿ, ಅಲಗು ತಿರುಗುತ್ತಿರುವಾಗಲೇ ಉದುರಿಸುವುದು ಒಳ್ಳೆಯದು. ಮೂಲೆಯಲ್ಲಿ ಉಳಿದದ್ದನ್ನು ರಬ್ಬರಿನ ಚಮಚದಿಂದ ಒಳಕ್ಕೆ ದೂಡಬಹುದು. ಕೆಲವು ಯಂತ್ರಗಳ ಮುಚ್ಚಳದಲ್ಲಿ ಪುಟ್ಟ ಡಬ್ಬಿಯೊಂದಿದ್ದು ಸಮಯಕ್ಕೆ ಸರಿಯಾಗಿ ತಾನೇ ಬಾಯಿ ತೆರೆಯುತ್ತದೆ. ಒಣಗಿದ, ಅಂಟದ ವಸ್ತುಗಳಿಗೆ ಅದು ಸರಿ. ನೆನೆಸಿದ ಹಣ್ಣು, ಬೆಲ್ಲ ಹಚ್ಚಿದ ಬೀಜ ಅದರಲ್ಲಿ ಅಂಟಿಕೊಂಡು ಅಲ್ಲೇ ಉಳಿಯುತ್ತವೆ.

ಮನುಷ್ಯನಿಗೂ ಯಂತ್ರಕ್ಕೂ ಇನ್ನೊಂದು ವ್ಯತ್ಯಾಸವಿದೆ, ಹಣ್ಣಿನ ಬ್ರೆಡ್ಡಿನಲ್ಲಿ ಅದೇ ದೊಡ್ಡದು. ಹಿಟ್ಟು ಉಬ್ಬದಿದ್ದರೆ ಬೇಕರಿಯವರು ಇನ್ನರ್ಧ ಗಂಟೆ ಕಾಯುತ್ತಾರೆ. ಯಂತ್ರ ಗಡಿಯಾರ ನೋಡುತ್ತದೆ, ಹಿಟ್ಟನ್ನು ನೋಡುವುದಿಲ್ಲ. ಹಣ್ಣು, ಬೀಜ, ಮಸಾಲೆ ಯಾವುದೇ ಬಂದರೂ ಹಿಟ್ಟಿನ ಗತಿ ಬದಲಾಗುತ್ತದೆ, ಯಂತ್ರದ ಗತಿ ಬದಲಾಗುವುದಿಲ್ಲ. ಹಾಗಾಗಿ ಲೆಕ್ಕವೆಲ್ಲ ಮೊದಲೇ ಆಗಬೇಕು. ಅದರಲ್ಲಿ ಮುಖ್ಯವಾದದ್ದು ನೀರಿನ ಲೆಕ್ಕ.

ಒಣದ್ರಾಕ್ಷಿ ಎಂದರೆ ನೀರು ಕಳೆದುಕೊಂಡ ದ್ರಾಕ್ಷಿ. ವಿಜಯಪುರದ ಕಡೆ ಹಸಿ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆತ ನೀರಿನಲ್ಲಿ ಅದ್ದಿ, ನೆರಳಿನ ಚಪ್ಪರದಡಿ ಬಲೆಗಳ ಮೇಲೆ ಹರಡಿ ಒಣಗಿಸುತ್ತಾರೆ. ಹಣ್ಣಿನ ಮೇಣದ ಹೊದಿಕೆ ಸಡಿಲವಾಗಿ ನೀರು ಬೇಗ ಹೊರಬರಲಿ ಎಂದು ಈ ಅದ್ದುವಿಕೆ. ಸುಮಾರು 4 ಕೆ.ಜಿ. ಹಸಿ ಹಣ್ಣಿಗೆ 1 ಕೆ.ಜಿ. ಒಣದ್ರಾಕ್ಷಿ ಸಿಗುತ್ತದೆ. ಅದರಲ್ಲಿ ಉಳಿದಿರುವ ನೀರು ಶೇ 15ರ ಆಸುಪಾಸು, ಸಕ್ಕರೆ ಅರ್ಧಕ್ಕಿಂತ ಬಹಳ ಹೆಚ್ಚು. ಇರುವ ಅಷ್ಟು ನೀರನ್ನೂ ಸಕ್ಕರೆ ಬಿಗಿಯಾಗಿ ಹಿಡಿದಿರುತ್ತದೆ. ಆಹಾರದಲ್ಲಿರುವ ನೀರು ಎಷ್ಟು ಬಿಡುವಾಗಿದೆ ಎಂಬುದನ್ನು ಆಹಾರ ವಿಜ್ಞಾನಿಗಳು ಜಲ ಚಟುವಟಿಕೆ ಎಂಬ ಅಳತೆಯಿಂದ ಹೇಳುತ್ತಾರೆ. ಶುದ್ಧ ನೀರಿಗೆ 1, ಪೂರಾ ಒಣಗಿದ್ದಕ್ಕೆ 0. ಬ್ರೆಡ್ಡಿನ ಒಳಮೈಗೆ ಅದು ಸುಮಾರು 0.95, ಒಣದ್ರಾಕ್ಷಿಗೆ 0.5ರಿಂದ 0.6, ಹುರಿದ ಬೀಜಗಳಿಗೆ ಅದಕ್ಕೂ ಕಡಿಮೆ. ನೀರು ಯಾವಾಗಲೂ ಹೆಚ್ಚಿನ ಅಂಕಿಯಿಂದ ಕಡಿಮೆ ಅಂಕಿಯ ಕಡೆ ಹರಿಯುತ್ತದೆ. ಅಂದರೆ ಹಿಟ್ಟಿಗೆ ಬಿದ್ದ ಕ್ಷಣದಿಂದ ದ್ರಾಕ್ಷಿ ನೀರು ಕುಡಿಯಲು ಶುರುಮಾಡುತ್ತದೆ. ಉಬ್ಬುವಾಗಲೂ ಕುಡಿಯುತ್ತದೆ, ಬೆಂದು ಕಪಾಟು ಸೇರಿದ ಮೇಲೂ ಬಿಡುವುದಿಲ್ಲ.

ಎಷ್ಟು ಕುಡಿಯುತ್ತದೆ? 400 ಗ್ರಾಂ ಮೈದಾ, 250 ಮಿ.ಲೀ. ನೀರಿನ ಹಿಟ್ಟಿಗೆ 100 ಗ್ರಾಂ ದ್ರಾಕ್ಷಿ ಹಾಕಿದರು ಎನ್ನಿ. ಅದರ ನೀರಿನಂಶ ಶೇ 15ರಿಂದ ಶೇ 30ಕ್ಕೆ ಏರಬೇಕಾದರೆ ಸುಮಾರು 21 ಗ್ರಾಂ ನೀರು ಬೇಕು. ಅಷ್ಟನ್ನು ಹಿಟ್ಟು ಕಳೆದುಕೊಂಡರೆ 100 ಗ್ರಾಂ ಮೈದಾಕ್ಕೆ 62 ಗ್ರಾಂ ಇದ್ದ ನೀರು 57ಕ್ಕೆ ಇಳಿಯುತ್ತದೆ. ಕೈಯಲ್ಲಿ ನಾದುವವರಿಗೆ ಇದು ಮೆತ್ತನೆಯ ಹಿಟ್ಟಿಗೂ ಗಟ್ಟಿ ಹಿಟ್ಟಿಗೂ ಇರುವ ಅಂತರ. ಬ್ರೆಡ್ ಮರುದಿನವೇ ಬಿರುಸಾಗಿ ಪುಡಿಪುಡಿಯಾಗುವುದಕ್ಕೆ ಇದೊಂದು ಕಾರಣ.

ಪರಿಹಾರ ಸರಳ. ದ್ರಾಕ್ಷಿಗೆ ಮೊದಲೇ ನೀರು ಕುಡಿಸಿಬಿಡಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಬಸಿದು, ಬಟ್ಟೆಯ ಮೇಲೆ ಹರಡಿ ಒರೆಸಿದರೆ ಸಾಕು. ಒರೆಸದೆ ಹಾಕಿದರೆ ಮೈಮೇಲಿನ ನೀರು ಹಿಟ್ಟನ್ನು ಜಾರುವಂತೆ ಮಾಡಿ, ಹಿಟ್ಟಿನ ಉಂಡೆ ಅಲಗಿಗೆ ಸಿಗದೆ ಸುಮ್ಮನೆ ಸುತ್ತತೊಡಗುತ್ತದೆ. ಗಂಟೆಗಟ್ಟಲೆ ನೆನೆಸುವುದೂ ತರವಲ್ಲ. ಸಿಪ್ಪೆ ಮೆತ್ತಗಾಗಿ ಅಲಗಿನ ಒಂದೇ ಏಟಿಗೆ ಹಣ್ಣು ಒಡೆಯುತ್ತದೆ. ವೇಲ್ಸ್‌ನ ಬಾರಾ ಬ್ರಿತ್ ಎಂಬ ಬ್ರೆಡ್ಡಿಗೆ ಹಣ್ಣನ್ನು ಚಹಾದಲ್ಲಿ ನೆನೆಸುತ್ತಾರೆ, ಸ್ಟೊಲನ್‌ಗೆ ರಮ್ಮಿನಲ್ಲಿ. ಪಾಯಸಕ್ಕೆಂದು ತುಪ್ಪದಲ್ಲಿ ಹುರಿದ ದ್ರಾಕ್ಷಿ ಗುಂಡಗೆ ಉಬ್ಬಿದ್ದನ್ನು ಕಂಡು ಅದೂ ಆದೀತು ಎನಿಸಬಹುದು. ಆದರೆ ಆ ಉಬ್ಬು ಒಳಗಿನ ನೀರು ಹಬೆಯಾಗಿ ಸಿಪ್ಪೆಯನ್ನು ದೂಡಿದ್ದರಿಂದ ಆದದ್ದು. ದ್ರಾಕ್ಷಿಗೆ ನೀರು ಸೇರಿಲ್ಲ, ಇದ್ದದ್ದರಲ್ಲೂ ಒಂದಿಷ್ಟು ಹೋಗಿದೆ.

ಬೀಜಗಳ ವಿಷಯದಲ್ಲಿ ನೀರಿಗಿಂತ ಗಾತ್ರದ ಮಾತು ಮುಂದೆ ಬರುತ್ತದೆ. ಒಂದು ಸೆಂ.ಮೀ. ಘನದಷ್ಟು ಬೀಜದ ತುಂಡನ್ನು 2 ಮಿ.ಮೀ. ಘನಗಳಾಗಿ ಕತ್ತರಿಸಿದರೆ 125 ಚೂರುಗಳಾಗುತ್ತವೆ. ತೂಕ ಅಷ್ಟೇ, ಹೊರಮೈ ಐದು ಪಟ್ಟು. ಗ್ಲುಟೆನ್ ಪೊರೆಗೆ ತಗಲುವ ಅಂಚುಗಳೂ ಹಾಗೆಯೇ ಹೆಚ್ಚುತ್ತವೆ. ಮಿಕ್ಸಿಗೆ ಹಾಕಿದ ಬಾದಾಮಿ ಬ್ರೆಡ್ಡನ್ನು ಕುಗ್ಗಿಸುವಷ್ಟು ಅರ್ಧಕ್ಕೆ ಮುರಿದ ಬಾದಾಮಿ ಕುಗ್ಗಿಸುವುದಿಲ್ಲ. ಮಿಕ್ಸಿಯಲ್ಲಿ ಎಣ್ಣೆಯೂ ಹೊರಬರುತ್ತದೆ. ಅಕ್ರೋಟಿನಲ್ಲಿ ತೂಕದ ಮೂರನೇ ಎರಡರಷ್ಟು, ಬಾದಾಮಿಯಲ್ಲಿ ಅರ್ಧದಷ್ಟು, ಗೋಡಂಬಿಯಲ್ಲಿ ಅದಕ್ಕಿಂತ ತುಸು ಕಡಿಮೆ ಕೊಬ್ಬಿದೆ. ಹಾಗೆಂದು ಇಡೀ ಬೀಜವನ್ನೇ ಹಾಕಿದರೆ ಹೋಳು ಕತ್ತರಿಸುವಾಗ ಚಾಕು ತಡೆದು ಬ್ರೆಡ್ ಹರಿಯುತ್ತದೆ, ಪಾತ್ರೆಯ ಒಳಲೇಪಕ್ಕೂ ಗೀರು ಬೀಳುತ್ತದೆ. ಕಡಲೆಕಾಳಿನಷ್ಟು ಗಾತ್ರಕ್ಕೆ ಚಾಕುವಿನಲ್ಲಿ ಕತ್ತರಿಸಿ, ಜರಡಿ ಹಿಡಿದು, ಪುಡಿಯನ್ನು ಬೇರೆ ಅಡುಗೆಗೆ ಇಟ್ಟುಕೊಳ್ಳುವುದು ಜಾಣತನ.

ಸಣ್ಣ ಉರಿಯಲ್ಲಿ ಹುರಿದ ಬೀಜದಲ್ಲಿ ಪ್ರೋಟೀನು, ಸಕ್ಕರೆಗಳು ಸೇರಿ ಮೈಯಾರ್ ಕ್ರಿಯೆ ನಡೆದು ಹೊಸ ಪರಿಮಳ ಹುಟ್ಟುತ್ತದೆ. ಹಸಿ ಬೀಜ ಬ್ರೆಡ್ಡಿನೊಳಗೇ ಹುರಿದುಕೊಳ್ಳುತ್ತದೆ ಎಂದು ನಂಬಿ ಕೂರುವಂತಿಲ್ಲ. ಎಷ್ಟು ಬೇಯಿಸಿದರೂ ಬ್ರೆಡ್ಡಿನ ಒಡಲು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಅಲ್ಲಿರುವ ನೀರು ಅದಕ್ಕೆ ಬಿಡುವುದಿಲ್ಲ. ಆ ಶಾಖದಲ್ಲಿ ಬೀಜ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಹುರಿದದ್ದನ್ನು ಪೂರ್ತಿ ಆರಿಸಿಯೇ ಹಾಕಬೇಕು. ಉಪ್ಪು ಹಚ್ಚಿದ ಶೇಂಗಾ, ಪಿಸ್ತಾ ಹಾಕುವುದಾದರೆ ಉಪ್ಪಿನ ಲೆಕ್ಕವನ್ನೂ ನೋಡಬೇಕು. 400 ಗ್ರಾಂ ಮೈದಾಕ್ಕೆ 8 ಗ್ರಾಂ ಉಪ್ಪು ಸಾಮಾನ್ಯ ಪ್ರಮಾಣ, ಅದು ಹೆಚ್ಚಿದರೆ ಯೀಸ್ಟ್ ನಿಧಾನವಾಗುತ್ತದೆ. ಅಕ್ರೋಟು ಹಾಕಿದ ಬ್ರೆಡ್ಡಿನ ಒಳಮೈ ಕೆಲವೊಮ್ಮೆ ನೇರಳೆಗೆ ತಿರುಗಿರುವುದನ್ನು ಕಂಡು ಕೆಟ್ಟಿದೆ ಎಂದು ಎಸೆಯುವವರಿದ್ದಾರೆ. ಅದು ಅಕ್ರೋಟಿನ ಸಿಪ್ಪೆಯಲ್ಲಿರುವ ಟ್ಯಾನಿನ್‌ಗಳ ಬಣ್ಣ, ತಿನ್ನಲು ಅಡ್ಡಿಯಿಲ್ಲ. ಅಗಸೆ ಬೀಜದ ಮಾತು ಬೇರೆ. ನೀರು ಸೋಕಿದರೆ ಲೋಳೆಯಾಗುವ ಅದು ಹಿಟ್ಟಿನ ನೀರನ್ನು ಸದ್ದಿಲ್ಲದೆ ಹೀರುವುದರಿಂದ ಅದನ್ನು ಮೊದಲೇ ನೆನೆಸಿಡುವುದು ವಾಸಿ.

ತಾಜಾ ಹಣ್ಣಿನಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಇಲ್ಲಿ ನೀರು ಹಣ್ಣಿನಿಂದ ಹಿಟ್ಟಿಗೆ ಬರುತ್ತದೆ. ಬಾಳೆಹಣ್ಣಿನ ತೂಕದ ಮುಕ್ಕಾಲು ಪಾಲು ನೀರು. 100 ಗ್ರಾಂ ಕಿವುಚಿದ ಬಾಳೆಹಣ್ಣು ಹಾಕಿದರೆ ಅಳತೆಯ ನೀರಿನಲ್ಲಿ 70 ಮಿ.ಲೀ. ಕಡಿಮೆ ಮಾಡಬೇಕು. ಇಂಥ ತಿರುಳಿಗೆ ಬೀಪ್ ಕಾಯುವ ಅಗತ್ಯವೂ ಇಲ್ಲ. ಅದು ಹೇಗೂ ಅರೆದದ್ದೇ, ನೀರಿನ ಜೊತೆ ಮೊದಲೇ ಹೋಗಬೇಕು. ಫ್ರೀಜರಿನಿಂದ ತೆಗೆದ ಹಣ್ಣನ್ನು ಹಾಗೇ ಹಾಕಿದರೆ ಹಿಟ್ಟು ತಣ್ಣಗಾಗಿ ಯೀಸ್ಟ್ ಮಂಕಾಗುತ್ತದೆ, ಗಡಿಯಾರ ಮಾತ್ರ ಓಡುತ್ತಿರುತ್ತದೆ.

ಅನಾನಸ್, ಪಪ್ಪಾಯಿ, ಕಿವಿ, ಅಂಜೂರ ಈ ನಾಲ್ಕು ಹಸಿಯಾಗಿ ಹಿಟ್ಟು ಸೇರಬಾರದು. ಅನಾನಸ್ಸಿನ ಬ್ರೊಮೆಲೈನ್, ಪಪ್ಪಾಯಿಯ ಪಪೈನ್, ಕಿವಿಯ ಆಕ್ಟಿನಿಡಿನ್, ಅಂಜೂರದ ಫಿಸಿನ್ ಎಲ್ಲವೂ ಪ್ರೋಟೀನನ್ನು ತುಂಡರಿಸುವ ಕಿಣ್ವಗಳು. ಮಾಂಸ ಬೇಗ ಬೇಯಲೆಂದು ಪಪ್ಪಾಯಿಕಾಯಿ ಹಚ್ಚುವುದು ಈ ಗುಣಕ್ಕಾಗಿಯೇ. ಗ್ಲುಟೆನ್ ಕೂಡ ಪ್ರೋಟೀನೇ ಆದ್ದರಿಂದ ಚೆನ್ನಾಗಿ ನಾದಿದ ಹಿಟ್ಟು ಉಬ್ಬುವ ಹೊತ್ತಿಗೆ ಗಂಜಿಯಂತಾಗಬಹುದು. ಕುದಿಸಿದರೆ ಕಿಣ್ವ ಸಾಯುತ್ತದೆ. ಡಬ್ಬಿಯ ಅನಾನಸ್ ಹೀಗಾಗಿ ನಿರಪಾಯ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬನ್ನಿನಲ್ಲಿ ಕೆಂಪು ಹಸಿರಾಗಿ ಕಾಣುವ ಟೂಟಿಫ್ರೂಟಿ ಕೂಡ ಪಪ್ಪಾಯಿಕಾಯಿಯೇ. ಬೇಯಿಸಿ ಸಕ್ಕರೆ ಪಾಕದಲ್ಲಿ ಇಟ್ಟದ್ದರಿಂದ ಅದರ ಪಪೈನ್ ಎಂದೋ ನಿಷ್ಕ್ರಿಯವಾಗಿರುತ್ತದೆ.

ಯೀಸ್ಟಿಗೂ ಈ ಅತಿಥಿಗಳಿಂದ ಕಾಟವುಂಟು. ಸ್ವಲ್ಪ ಸಕ್ಕರೆ ಅದಕ್ಕೆ ಆಹಾರ, ಹೆಚ್ಚಾದರೆ ಜೀವಕೋಶದೊಳಗಿನ ನೀರನ್ನೇ ಹೊರಕ್ಕೆಳೆಯುತ್ತದೆ. ಉಪ್ಪಿನಕಾಯಿ ಕೆಡದಿರುವ ತತ್ವವೇ ಇದು. ದ್ರಾಕ್ಷಿ ಇಡಿಯಾಗಿ ಉಳಿದರೆ ಸಕ್ಕರೆ ಸಿಪ್ಪೆಯೊಳಗೇ ಇರುತ್ತದೆ, ಅರೆದುಹೋದರೆ ಎಲ್ಲವೂ ಹಿಟ್ಟಿಗೆ ಬರುತ್ತದೆ. ಬೀಪ್ ಕಾಯಲು ಇದು ಇನ್ನೊಂದು ಕಾರಣ. ದ್ರಾಕ್ಷಿಯ ಜೊತೆ ದಾಲ್ಚಿನ್ನಿ ಪುಡಿ ಹಾಕುವುದು ಅಮೆರಿಕದ ರೂಢಿ. ಅದರ ಪರಿಮಳದ ಮೂಲವಾದ ಸಿನಮಾಲ್ಡಿಹೈಡ್ ಶಿಲೀಂಧ್ರನಾಶಕ, ಯೀಸ್ಟ್ ಶಿಲೀಂಧ್ರ. ಒಂದು ಬ್ರೆಡ್ಡಿಗೆ ಒಂದು ಟೀ ಚಮಚ ದಾಟಿದರೆ ಉಬ್ಬು ತಗ್ಗುತ್ತದೆ. ಮೆತ್ತಗಿರುವ ಪ್ಯಾಕೆಟ್ ಹಣ್ಣುಗಳಿಗೆ ಪೊಟ್ಯಾಸಿಯಂ ಸಾರ್ಬೇಟ್ ಹಾಕಿರುವುದುಂಟು. ಬೂಷ್ಟು, ಯೀಸ್ಟ್ ಬೆಳೆಯದಿರಲೆಂದೇ ಅದನ್ನು ಹಾಕುತ್ತಾರೆ, ಒಳ್ಳೆಯ ಯೀಸ್ಟ್ ಯಾವುದು ಕೆಟ್ಟದ್ದು ಯಾವುದು ಎಂದು ಅದು ವಿಚಾರಿಸುವುದಿಲ್ಲ. ಹೊಂಬಣ್ಣದ ದ್ರಾಕ್ಷಿ, ಕಿತ್ತಳೆ ಬಣ್ಣದ ಆಪ್ರಿಕಾಟ್‌ಗಳಿಗೆ ಗಂಧಕದ ಡೈಆಕ್ಸೈಡ್ ಸೋಕಿಸಿರುತ್ತಾರೆ. ಅದು ಗ್ಲುಟೆನ್ ಎಳೆಗಳ ನಡುವಿನ ಗಂಧಕದ ಕೊಂಡಿಗಳನ್ನು ಕಳಚಬಲ್ಲದು. ಬಿಸ್ಕತ್ತು ಕಾರ್ಖಾನೆಗಳು ಹಿಟ್ಟನ್ನು ಸಡಿಲಿಸಲು ಇದೇ ಜಾತಿಯ ರಾಸಾಯನಿಕವನ್ನು ಬೇಕೆಂದೇ ಬಳಸುತ್ತವೆ. ಮನೆಯ ಬ್ರೆಡ್ಡಿನಲ್ಲಿ ಹಣ್ಣು ಇಡಿಯಾಗಿದ್ದರೆ ಇದರ ಪರಿಣಾಮ ಅಲ್ಪ, ನೆನೆಸಿ ಬಸಿದರೆ ಇನ್ನೂ ಅಲ್ಪ.

ಒಟ್ಟು ಎಷ್ಟು ಹಾಕಬಹುದು? ಅಮೆರಿಕದ ಕಾನೂನಿನಲ್ಲಿ ದ್ರಾಕ್ಷಿ ಬ್ರೆಡ್ ಎಂದು ಹೆಸರಿಟ್ಟು ಮಾರಬೇಕಾದರೆ 100 ಭಾಗ ಹಿಟ್ಟಿಗೆ ಕನಿಷ್ಠ 50 ಭಾಗ ದ್ರಾಕ್ಷಿ ಇರಲೇಬೇಕು. ಅಂದರೆ 400 ಗ್ರಾಂ ಹಿಟ್ಟಿಗೆ 200 ಗ್ರಾಂ. ಪ್ರೋಟೀನು ಶೇ 12–13ರಷ್ಟಿರುವ ಅಲ್ಲಿನ ಬ್ರೆಡ್ ಹಿಟ್ಟು ಆ ಭಾರ ಹೊರುತ್ತದೆ. ನಮ್ಮ ಅಂಗಡಿಯ ಮೈದಾದಲ್ಲಿ ಪ್ರೋಟೀನು ಸಾಮಾನ್ಯವಾಗಿ ಶೇ 10ರ ಆಚೀಚೆ. ಯಂತ್ರದ ಜೊತೆ ಬರುವ ಕೈಪಿಡಿಯ ಅಳತೆಯನ್ನು ಅಕ್ಷರಶಃ ಪಾಲಿಸಿದವರ ಬ್ರೆಡ್ ಇಲ್ಲಿ ಕುಸಿಯುವುದಕ್ಕೆ ಯೀಸ್ಟಿನ ಮೇಲೆ ತಪ್ಪು ಹೊರಿಸುವ ಮುನ್ನ ಈ ವ್ಯತ್ಯಾಸ ನೋಡಬೇಕು. ಮೈದಾದಲ್ಲಿ ಮಾಡುವಾಗ ಹಣ್ಣು, ಬೀಜ ಎರಡೂ ಸೇರಿ 100 ಗ್ರಾಂ ಸಾಕು. ಒಣ ಗ್ಲುಟೆನ್ ಪುಡಿ ಒಂದೆರಡು ಚಮಚ ಬೆರೆಸಿದರೆ 150ರವರೆಗೆ ಹೋಗಬಹುದು. ಅದಕ್ಕೂ ಮೀರಿ ಬೇಕೆಂದರೆ ಯಂತ್ರವನ್ನು ನಾದಲು ಮಾತ್ರ ಬಳಸಿ, ಹಿಟ್ಟನ್ನು ಹೊರತೆಗೆದು, ಲಟ್ಟಿಸಿ, ಹಣ್ಣು ಹರಡಿ, ಚಾಪೆಯಂತೆ ಸುತ್ತುವುದೊಂದೇ ದಾರಿ. ಅಲಗನ್ನು ಕಿತ್ತು ಆ ಸುರುಳಿಯನ್ನು ಅದೇ ಪಾತ್ರೆಯಲ್ಲಿಟ್ಟು ಬೇಯಿಸಲೂಬಹುದು.

ಬೇಯುವಾಗ ಹಿಟ್ಟಿನೊಳಗಿರುವ ದ್ರಾಕ್ಷಿಗೆ ಏನೂ ಆಗುವುದಿಲ್ಲ. ಹೊರಮೈಯಲ್ಲಿ ಕಾಣುವ, ಪಾತ್ರೆಯ ಗೋಡೆಗೆ ತಗಲಿದ ದ್ರಾಕ್ಷಿ ಮಾತ್ರ ನೀರು ಆರಿದ ಕೂಡಲೇ ಸಕ್ಕರೆ ಕರಗಿ, ಕಪ್ಪಾಗಿ, ಕಹಿಯಾಗುತ್ತದೆ. ಹೊರಪದರದ ಬಣ್ಣ ತಿಳಿಯಾಗಿರಲೆಂದು ಯಂತ್ರದಲ್ಲಿರುವ ಆಯ್ಕೆ ಇಂಥ ಬ್ರೆಡ್ಡಿಗೇ ಹೇಳಿ ಮಾಡಿಸಿದ್ದು. ಬೆಂದ ಬ್ರೆಡ್ಡನ್ನು ಪಾತ್ರೆಯಿಂದ ಕೂಡಲೇ ಕವುಚಿ ತೆಗೆಯಬೇಕು, ತಣಿದರೆ ಸಕ್ಕರೆ ಪಾತ್ರೆಗೆ ಅಂಟಿ ಗಟ್ಟಿಯಾಗುತ್ತದೆ. ಕತ್ತರಿಸಲು ಮಾತ್ರ ಒಂದು ಗಂಟೆಯಾದರೂ ಕಾಯಬೇಕು.

ದ್ರಾಕ್ಷಿ ಬ್ರೆಡ್ಡಿಗೆ ಬೂಷ್ಟು ತುಸು ತಡವಾಗಿ ಬರುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ, ಜೊತೆಗೆ ಅಲ್ಪ ಪ್ರಮಾಣದ ಪ್ರೊಪಿಯಾನಿಕ್ ಆಮ್ಲ ಅದಕ್ಕೆ ಕಾರಣ. ಅಂಗಡಿಯ ಬ್ರೆಡ್ಡಿಗೆ ಹಾಕುವ ಕ್ಯಾಲ್ಸಿಯಂ ಪ್ರೊಪಿಯಾನೇಟ್ ಈ ಎರಡನೆಯದರ ಲವಣವೇ. ಬೀಜದ ಬ್ರೆಡ್ಡಿಗೆ ಈ ಅನುಕೂಲವಿಲ್ಲ. ನೀರು ಕುಡಿದ ಬೀಜ ಒಂದೆರಡು ದಿನದಲ್ಲಿ ಗರಿಗರಿ ಕಳೆದುಕೊಂಡು ಬೆಂದ ಕಡಲೆಕಾಯಿಯಂತಾಗುತ್ತದೆ. ಹೋಳನ್ನು ಟೋಸ್ಟರಿಗೆ ಹಾಕಿದರೆ ಮೇಲ್ಮೈಯಲ್ಲಿರುವ ಬೀಜ ಒಂದಿಷ್ಟು ಗರಿಗರಿಯಾಗಿ ಮರಳುತ್ತದೆ. ಅಲ್ಲೇ ಪಕ್ಕದಲ್ಲಿ ಚಾಕುವಿಗೆ ಸಿಕ್ಕಿ ಅರ್ಧವಾದ ದ್ರಾಕ್ಷಿ ಸಡಿಲಾಗಿ ಕಳಚಿ ಬೀಳುತ್ತದೆ. ಟೋಸ್ಟರಿನ ತಳದ ತಟ್ಟೆ ಎಳೆದರೆ ಕರಕಲಾಗಿ ಸಿಗುವ ಕಾಳುಗಳು ಹೆಚ್ಚಾಗಿ ಅವೇ.